ಎರಡೂ ಕಡೆಯವರ ತಿಯಾರ್ಮಾ

ತೋಬಾ ಸರೋವರದ ದಂಡೆಯ ಲುಂಬಾನ್ ಹರಿಯಾರಾದಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಅವರ ಮನೆಯ ಮೆಟ್ಟಿಲ ಬಳಿ ಮೊದಲು ಚಪ್ಪಲಿ ಬಿಡುತ್ತಿದ್ದವಳು ತಿಯಾರ್ಮಾ. ದಾದಿ ಬರುತ್ತಿದ್ದದ್ದು ಆಮೇಲೆ, ಪಾದ್ರಿ ಬರುತ್ತಿದ್ದದ್ದು ಅದಕ್ಕೂ ಆಮೇಲೆ. ಗುರುವಾರ ಬಂತೆಂದರೆ ಬೆಳಿಗ್ಗೆ ಈರುಳ್ಳಿ ಹೊಲದ ಕಳೆ ಕಿತ್ತು, ಮಧ್ಯಾಹ್ನ ಒಂದಿಷ್ಟು ಹೊತ್ತು ಮಗ್ಗದ ಮುಂದೆ ಕೂತು, ಬಿಸಿಲು ಇಳಿಯುತ್ತಲೇ ಒಗೆದ ಬಟ್ಟೆ ಉಟ್ಟು, ಕೈಯಲ್ಲಿ ಸುಟ್ಟ ಮೀನನ್ನೋ ಬೇಯಿಸಿದ ಗೆಣಸನ್ನೋ ಹಿಡಿದು ಹೊರಟುಬಿಡುತ್ತಿದ್ದಳು. ಹೋದ ಮನೆಯಲ್ಲಿ ಅವಳು ಉಪದೇಶ ಮಾಡುತ್ತಿರಲಿಲ್ಲ. ಒಂದು ಹಾಡು ಹೇಳಿ, ಸಣ್ಣದೊಂದು ಪ್ರಾರ್ಥನೆ ಮಾಡಿ, ಕಾಯಿಲೆಯವರ ತಲೆ ಬಾಚಿ, ಆ ಮನೆಯ ಸೊಸೆಯ ದೂರು ಕೇಳಿಸಿಕೊಂಡು ಎದ್ದು ಬರುತ್ತಿದ್ದಳು.

ಚರ್ಚಿನ ಸಭೆಯ ಹಿರಿಯರಲ್ಲಿ ಅವಳೂ ಒಬ್ಬಳು. ಭಾನುವಾರ ಕಪ್ಪು ನಿಲುವಂಗಿ ತೊಟ್ಟು ಗಂಡಸರ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದಳು. ಹೆಂಗಸರ ಹಾಡಿನ ಮೇಳಕ್ಕೂ ಅವಳೇ ಮುಂದಾಳು. ಮೇಳದಲ್ಲಿ ಎಲ್ಲರಿಗಿಂತ ಎತ್ತರದ ದನಿ ಅವಳ ನಾದಿನಿ, ಗಂಡನ ತಂಗಿ ರೊತುವಾಳದು. ಆ ದನಿ ಎಷ್ಟು ಚೆನ್ನಾಗಿತ್ತೋ ಅದರ ಬಗ್ಗೆ ರೊತುವಾಳಿಗೆ ಅಷ್ಟೇ ಹೆಮ್ಮೆಯಿತ್ತು.

"ಎದಾ, ನಿನ್ನ ದನಿ ಚೆನ್ನಾಗಿದೆ ಅಂತ ದೇವರಿಗೂ ಗೊತ್ತು," ಎಂದು ತಿಯಾರ್ಮಾ ಅಭ್ಯಾಸದ ನಡುವೆ ಹೇಳುತ್ತಿದ್ದಳು. ಅತ್ತಿಗೆ ನಾದಿನಿಯರು ಒಬ್ಬರನ್ನೊಬ್ಬರು ಎದಾ ಎಂದೇ ಕರೆಯುವುದು ಅಲ್ಲಿನ ರೂಢಿ. "ಪಕ್ಕದೋಳ್ದೂ ಅವನ ಕಿವಿಗೆ ಸ್ವಲ್ಪ ಬೀಳ್ಲಿ ಬಿಡು."

"ಪಕ್ಕದೋಳು ಬಾಯಿ ಬಿಟ್ರೆ ತಾನೇ ಬೀಳೋದು," ಎಂದು ರೊತುವಾ ತಿರುಗಿ ಕೊಡುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಮೇಲಿನ ದನಿಯವರು ಹೆಚ್ಚಾಗಿ ಗುಡ್ಡದ ಕೇರಿಯವರು, ಕೆಳಗಿನ ದನಿಯವರು ದಂಡೆಯ ಕೇರಿಯವರು. ಎರಡೂ ಸೇರಿ ಎದ್ದರೆ ಸರೋವರದಲ್ಲಿ ಬಲೆ ಬೀಸುತ್ತಿದ್ದವರೂ ಹುಟ್ಟು ನಿಲ್ಲಿಸಿ ಕೇಳುತ್ತಿದ್ದರು.

ತಿಯಾರ್ಮಾಳ ಅಣ್ಣ ಮಂಗಿಹುತ್ ಹಿರಿಯರ ಮಂಡಳಿಯ ಮುಖಂಡ. ಸುತ್ತಲ ಹಳ್ಳಿಗಳಲ್ಲಿ ಅವನ ಹೆಸರಿದ್ದದ್ದು ಮಾತಿಗೆ. ಮದುವೆಯಲ್ಲಿ, ಸಾವಿನಲ್ಲಿ, ಕುಲದ ಪರವಾಗಿ ನಿಂತು ಮಾತಾಡುವವನು ಅವನೇ. ಗಾದೆಯ ಮೇಲೆ ಗಾದೆ ಪೇರಿಸಿ, ಎದುರು ಪಕ್ಷದವರನ್ನು ನಗಿಸಿ, ಕೊನೆಗೆ ತನಗೆ ಬೇಕಾದ್ದಕ್ಕೆ ಒಪ್ಪಿಸಿಬಿಡುತ್ತಿದ್ದ. ಅಪ್ಪ ಸತ್ತ ಮೇಲೆ ತಂಗಿಯನ್ನು ಓದಿಸಿದವನು, ಅವಳಿಗೆ ಹಾಡು ಕಲಿಸಿದವನು ಅವನು. ಅಣ್ಣನ ಮಾತು ಅವಳಿಗೆ ಅಪ್ಪನ ಮಾತು.

ಊರಿನ ಪಾದ್ರಿ ಸಿಲಾಲಾಹಿಯವರು ಬಹಳ ವರ್ಷದಿಂದ ಅಲ್ಲೇ ಇದ್ದವರು. ಊರಿನ ಅರ್ಧ ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟವರು. ಸಭೆಗಳ ಮುಖ್ಯಸ್ಥರ ಚುನಾವಣೆಯಲ್ಲಿ ಅವರು ಸೋತವರ ಕಡೆ ನಿಂತಿದ್ದರು. ಮುಂದಿನ ವರ್ಷವೇ ಸಭೆಗಳ ಕೇಂದ್ರ ಕಚೇರಿಯಿಂದ ವರ್ಗಾವಣೆಯ ಆಜ್ಞೆ ಬಂತು. ಇದು ಸೇಡಲ್ಲದೆ ಮತ್ತೇನು ಎಂದರು ಸಿಲಾಲಾಹಿ. ನಾನು ಹೋಗುವುದಿಲ್ಲ ಎಂದರು. ಮಂಗಿಹುತ್ ಅವರ ಬೆನ್ನಿಗೆ ನಿಂತ. ಅವನ ಹಿಂದೆ ದಂಡೆಯ ಕೇರಿ ನಿಂತಿತು.

ತಿಯಾರ್ಮಾಳ ಗಂಡ ಬಿನ್ಸಾರನ ಕಡೆಯವರೆಲ್ಲ ಗುಡ್ಡದ ಕೇರಿಯವರು. ಒಬ್ಬ ಪಾದ್ರಿ ಆಜ್ಞೆ ಮೀರಿದರೆ ನಾಳೆ ಎಲ್ಲರೂ ಮೀರುತ್ತಾರೆ, ಆಮೇಲೆ ಸಭೆ ಎಂಬುದು ಎಲ್ಲಿ ಉಳಿಯುತ್ತದೆ ಎಂಬುದು ಅವರ ವಾದ. ಅಷ್ಟರಲ್ಲಿ ಕೇಂದ್ರದವರು ತಂಪುಬೊಲೊನ್ ಎಂಬ ಹೊಸ ಪಾದ್ರಿಯನ್ನು ಕಳಿಸಿಯೂಬಿಟ್ಟರು. ಮೀಸೆ ಇನ್ನೂ ಸರಿಯಾಗಿ ಬಲಿಯದ ಯುವಕ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂತೆ ಊರು ಎರಡಾಯಿತು.

ಹಿರಿಯರ ಸಭೆಯಲ್ಲಿ ತಿಯಾರ್ಮಾ ಎದ್ದು ನಿಂತಳು. "ಸಿಲಾಲಾಹಿ ಪಾದ್ರಿಗಳಿಗೆ ಅನ್ಯಾಯ ಆಗಿರ್ಬೋದು. ಆದ್ರೆ ಈ ಹುಡುಗ ಏನು ಮಾಡಿದಾನೆ? ಇಬ್ರನ್ನೂ ಕೂರಿಸ್ಕೊಂಡು ಮಾತಾಡೋಣ. ಈಸ್ಟರ್ ತನಕ ಯಾರೂ ಯಾರನ್ನೂ ಹೊರಗೆ ಹಾಕೋದು ಬೇಡ."

"ತಕ್ಕಡಿ ಆಗ್ಬೇಡ ಇತೊ," ಎಂದ ಮಂಗಿಹುತ್. ಅಣ್ಣ ತಂಗಿಯರು ಒಬ್ಬರಿಗೊಬ್ಬರು ಇತೊ. "ರಕ್ತ ಯಾವ ಕಡೆ ಇದೆ ನೋಡು."

ಗುಡ್ಡದ ಕೇರಿಯ ಹಿರಿಯನೊಬ್ಬ ಮೂಗು ಮುರಿದ. "ರಕ್ತ ನೋಡ್ತಾಳೋ, ಗಂಡನ ಅನ್ನ ನೋಡ್ತಾಳೋ ನೋಡೋಣ."

ತಿಯಾರ್ಮಾ ಕೂತಳು. ಅವಳ ಮಾತು ಯಾರಿಗೂ ಬೇಕಿರಲಿಲ್ಲ.

ಅದರ ಮುಂದಿನ ಭಾನುವಾರ ನಡೆದದ್ದನ್ನು ಊರಿನವರು ಇಂದಿಗೂ ತಗ್ಗಿದ ದನಿಯಲ್ಲೇ ಹೇಳುತ್ತಾರೆ. ಇಬ್ಬರು ಪಾದ್ರಿಗಳೂ ನಿಲುವಂಗಿ ತೊಟ್ಟು ವೇದಿಕೆಯ ಎರಡು ಬದಿಯಿಂದ ಹತ್ತಿದರು. ಒಬ್ಬರು ಪ್ರಾರ್ಥನೆ ಶುರುಮಾಡಿದರೆ ಇನ್ನೊಬ್ಬರ ಕಡೆಯವರು ಹಾಡು ಶುರುಮಾಡಿದರು. ಆ ಹಾಡಿಗೆ ಈ ಕಡೆಯವರು ಬೇರೊಂದು ಹಾಡನ್ನು ಎದುರಿಟ್ಟರು. ದೇವರನ್ನು ಹೊಗಳುವ ಎರಡು ಹಾಡುಗಳು ಬೈಗುಳದಂತೆ ಒಂದಕ್ಕೊಂದು ಡಿಕ್ಕಿ ಹೊಡೆದವು. ಯಾರೋ ಯಾರದೋ ನಿಲುವಂಗಿ ಜಗ್ಗಿದರು. ಪೀಠದ ಮೇಲಿದ್ದ ದೊಡ್ಡ ಬೈಬಲ್ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲು ತಿಯಾರ್ಮಾ ವೇದಿಕೆಯ ಮೆಟ್ಟಿಲು ಹತ್ತಿದಳು. ಬಗ್ಗಿದವಳನ್ನು ಹಿಂದಿನಿಂದ ಯಾರೋ ತಳ್ಳಿದರು. ಅವಳು ಮೆಟ್ಟಿಲ ಮೇಲೆ ಬಲಗೈ ಊರಿ ಬಿದ್ದಳು. ಮಣಿಕಟ್ಟು ಮುರಿಯಿತು.

ಮೂಳೆ ಕಟ್ಟುವವನು ಕೈ ನೆಟ್ಟಗೆ ಮಾಡಲು ಹೊರಟಾಗ ಬಿನ್ಸಾರ್ ಅವಳ ತಲೆ ಹಿಡಿದುಕೊಂಡಿದ್ದ. ಬಿನ್ಸಾರ್ ಮೀನು ಹಿಡಿಯುವವನು, ಮಾತು ಕಡಿಮೆ. "ಯಾರು ತಳ್ಳಿದ್ದು?" ಎಂದು ಕೇಳಿದ.

"ಗಲಾಟೆ. ಗೊತ್ತಾಗ್ಲಿಲ್ಲ," ಎಂದಳು ತಿಯಾರ್ಮಾ. ಅವಳಿಗೆ ಗೊತ್ತಿತ್ತು.

ಮೂಳೆ ಕೂಡಿತು, ಆದರೆ ಸೊಟ್ಟ ಕೂಡಿತು. ಮದುವೆಗೆ, ಬಾಣಂತನಕ್ಕೆ, ಸಾವಿಗೆ ಹೆಗಲ ಮೇಲೆ ಹೊದಿಸುವ ಉಲೋಸ್ ನೇಯುವುದು ಅವಳ ಕಸುಬು. ಅವಳ ಅಂಚು ಎಂದರೆ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. ಈಗ ಒಂದು ಗೇಣು ನೇಯ್ದರೆ ಕೈ ಬೆಂಕಿಯಾಗುತ್ತಿತ್ತು.

ಪೊಲೀಸರು ಬಂದು ಚರ್ಚಿಗೆ ಬೀಗ ಹಾಕಿದರು. ಬೀಗ ತೆಗೆದಾಗ ಕಲ್ಲಿನ ಚರ್ಚು ಹೊಸ ಪಾದ್ರಿಯ ಕಡೆಯವರ ಪಾಲಾಯಿತು. ಸಿಲಾಲಾಹಿಯ ಕಡೆಯವರು ಸಂತೆ ಮೈದಾನದ ಪಕ್ಕ ತಗಡಿನ ಚಾವಣಿ ಹಾಕಿಕೊಂಡರು. ಎರಡೂ ಕಡೆಯವರು ತಿಯಾರ್ಮಾಳನ್ನು ಕರೆದರು. ನಮ್ಮ ಪರ ಸಹಿ ಹಾಕು ಎಂದರು. ಅವಳು ಎರಡಕ್ಕೂ ಹಾಕಲಿಲ್ಲ. ಎರಡೂ ಕಡೆಯವರು ಪೀಠದಿಂದಲೇ ಅವಳ ಹೆಸರು ಓದಿ, ಇನ್ನು ಮುಂದೆ ಇವಳು ಸಭೆಯ ಹಿರಿಯಳಲ್ಲ ಎಂದು ಸಾರಿದರು.

"ಒಂದೇ ಕೆಲ್ಸನ ಎರಡು ಕಡೆಯಿಂದ ಕಳ್ಕೊಂಡೋಳು ಈ ಸೀಮೆಯಲ್ಲೇ ನೀನೊಬ್ಳು," ಎಂದ ಬಿನ್ಸಾರ್. ಅವಳನ್ನು ನಗಿಸಲು ನೋಡಿದ. ಅವಳು ನಕ್ಕಳು. ಆಮೇಲೆ ಕಪ್ಪು ನಿಲುವಂಗಿಯನ್ನು ಮಡಿಸಿ ಟ್ರಂಕಿನ ತಳದಲ್ಲಿಟ್ಟಳು.

ಅಷ್ಟನ್ನೂ ಅವಳು ತಡೆದುಕೊಂಡಳು. ತಡೆಯಲಾಗದ್ದು ಬಂದದ್ದು ತಾಯಿ ಸತ್ತಾಗ.

ತಾಯಿ ಮರಿಮಕ್ಕಳನ್ನು ಕಂಡು ಕಣ್ಣು ಮುಚ್ಚಿದವಳು. ಅಂಥ ಸಾವು ಅಲ್ಲಿನ ಬತಕ್ ಜನರಲ್ಲಿ ಅಳುವ ಸಾವಲ್ಲ. ತಮಟೆ ಬಾರಿಸಿ, ಹಂದಿ ಕೊಯ್ದು, ಊರಿಗೆಲ್ಲ ಉಣಬಡಿಸಿ ಕಳಿಸುವ ಸಾವು. ಮಂಗಿಹುತ್‌ನ ಅಂಗಳದಲ್ಲಿ ಪೆಟ್ಟಿಗೆ ಇಟ್ಟಿದ್ದರು. ಸಿಲಾಲಾಹಿ ಪಾದ್ರಿ ಬಂದರು. ಅವರ ಹಿಂದೆಯೇ, ಗುಡ್ಡದ ಕೇರಿಯ ಹಿರಿಯರು ತಂಪುಬೊಲೊನ್ ಪಾದ್ರಿಯನ್ನು ಮುಂದೆ ದೂಡಿಕೊಂಡು ಬಂದರು. ಮುದುಕಿಯ ಹೆಸರು ಕಲ್ಲಿನ ಚರ್ಚಿನ ಪುಸ್ತಕದಲ್ಲಿದೆ, ನಮ್ಮ ಪಾದ್ರಿಯೇ ಮಣ್ಣು ಮಾಡಬೇಕು ಎಂದರು.

"ನನ್ನ ಅವ್ವನ ಪೆಟ್ಟಿಗೆ ಮೇಲೆ ಕೈ ಇಟ್ಟು ನೋಡಿ," ಎಂದ ಮಂಗಿಹುತ್. "ಆ ಕೈಯನ್ನ ಇಲ್ಲೇ ಬಿಟ್ಟು ಹೋಗ್ತೀರಿ."

ಮಾತು ಮಾತಿಗೆ ಹತ್ತಿತು. ಪೆಟ್ಟಿಗೆಯ ಮೇಲೆ ಹೊದಿಸಿದ್ದ ಉಲೋಸ್ ಎಳೆದಾಟದಲ್ಲಿ ಒಂದು ಬದಿಗೆ ಜಾರಿತು. ಅದು ಕೈ ಮುರಿಯುವ ಮೊದಲು ತಿಯಾರ್ಮಾ ನೇಯ್ದದ್ದು. ಅವಳು ಎದ್ದು ಬಂದು ಅದನ್ನು ಸರಿಮಾಡಿದಳು.

"ಇಬ್ರೂ ಅಮಾಂಗ್‌ಗಳು ಹೋಗಿ ಕೂತ್ಕೊಳ್ಳಿ," ಎಂದಳು. ಪಾದ್ರಿಗಳನ್ನು ಎಷ್ಟೇ ಚಿಕ್ಕವರಾದರೂ ಅಪ್ಪ ಎಂಬರ್ಥದಲ್ಲಿ ಹಾಗೇ ಕರೆಯಬೇಕು. "ನಮ್ಮವ್ವನ್ನ ನಾವು ಹಾಡ್ಕೊಂಡೇ ಕಳಿಸ್ತೀವಿ."

ಹಾಗೆಂದು ಅವಳೇ ಹಾಡು ಎತ್ತಿದಳು. ಮೇಳದ ಹೆಂಗಸರೆಲ್ಲ ಅಲ್ಲೇ ಇದ್ದರು. ಗುಡ್ಡದವರು ಒಂದು ಕಡೆ, ದಂಡೆಯವರು ಒಂದು ಕಡೆ. ಎಲ್ಲರಿಗೂ ಆ ಹಾಡು ಬಾಯಿಪಾಠ. ಯಾರೂ ಬಾಯಿ ತೆರೆಯಲಿಲ್ಲ. ಎದುರು ಕಡೆಯವರ ಜೊತೆ ದನಿ ಸೇರಿಸಿದ್ದನ್ನು ತಮ್ಮ ಹಿರಿಯರು ನೋಡಿಬಿಟ್ಟರೆ ಎಂಬ ಹೆದರಿಕೆ. ತಿಯಾರ್ಮಾ ಒಬ್ಬಳೇ ಹಾಡಿದಳು. ಎರಡನೆಯ ಚರಣಕ್ಕೆ ದನಿ ಒಡೆಯಿತು. ಆಗ ಹಿಂದಿನಿಂದ ಶ್ರುತಿಯಿಲ್ಲದ ದನಿಯೊಂದು ಎದ್ದಿತು. ಬಿನ್ಸಾರ್. ಹುಟ್ಟಿದಾಗಿನಿಂದ ಚರ್ಚಿನಲ್ಲಿ ತುಟಿಯಷ್ಟೇ ಆಡಿಸುತ್ತಿದ್ದವನು ಆವತ್ತು ಗಂಟಲು ಬಿಚ್ಚಿ ಹಾಡಿದ. ಗಂಡ ಹೆಂಡತಿ ಇಬ್ಬರೇ ಹಾಡಿ ಮುಗಿಸಿದರು. ಪಾದ್ರಿಯ ಆಶೀರ್ವಾದವಿಲ್ಲದೆ ಮುದುಕಿ ಮಣ್ಣಿಗೆ ಹೋದಳು.

ಅದಾದ ಮೇಲೆ ತಿಯಾರ್ಮಾ ಚರ್ಚಿಗೆ ಹೋಗುವುದನ್ನು ಬಿಟ್ಟಳು. ಭಾನುವಾರ ಗುಡ್ಡದ ಮೇಲೆ ಗಂಟೆ ಹೊಡೆಯುತ್ತಿತ್ತು, ಸಂತೆ ಮೈದಾನದಲ್ಲಿ ಕಬ್ಬಿಣದ ಪಟ್ಟಿಯನ್ನು ಬಡಿಯುತ್ತಿದ್ದರು. ಅವಳು ಈರುಳ್ಳಿ ಹೊಲದಲ್ಲಿ ತಲೆ ಎತ್ತದೆ ಕಳೆ ಕೀಳುತ್ತಿದ್ದಳು. ಗುರುವಾರದ ಓಡಾಟ ನಿಂತಿತು. ಊಟದ ಮುಂಚಿನ ಪ್ರಾರ್ಥನೆಯೂ ನಿಂತಿತು. ಬಿನ್ಸಾರ್ ಒಂದೆರಡು ದಿನ ತಟ್ಟೆಯ ಮುಂದೆ ಕಾದು, ಆಮೇಲೆ ತಾನೇ ನಾಲ್ಕು ಮಾತು ಗೊಣಗಿ ಊಟಕ್ಕೆ ಕೈ ಹಾಕತೊಡಗಿದ. ಪಟ್ಟಣದ ಬೇರೊಂದು ಸಭೆಯವರು ಬಂದು ಕರೆದರು. ನಮ್ಮಲ್ಲಿ ಜಗಳವಿಲ್ಲ, ಬನ್ನಿ ಎಂದರು. ಅವಳು ಅವರಿಗೆ ಕಾಫಿ ಕೊಟ್ಟು ಕಳಿಸಿದಳು.

ದೆಲಿಮಾ ಎಂಬ ಮುದುಕಿಯೊಬ್ಬಳಿದ್ದಳು. ಸೊಂಟ ಬಿದ್ದುಹೋಗಿ ಬಹಳ ಕಾಲವಾಗಿತ್ತು. ಬಾಯಿ ಮಾತ್ರ ಗಟ್ಟಿ. ಒಂದು ದಿನ ಮೊಮ್ಮಗಳ ಕೈಲಿ ಹೇಳಿ ಕಳಿಸಿದಳು: ನಾನಿನ್ನೂ ಸತ್ತಿಲ್ಲ, ತಿಯಾರ್ಮಾಗೆ ಯಾರಾದ್ರೂ ಸುಳ್ಳು ಸುದ್ದಿ ಕೊಟ್ಟಿದ್ರೆ ಅದನ್ನ ತಿದ್ದು.

ತಿಯಾರ್ಮಾ ಹೋದಳು. ಮುದುಕಿ ಅಡಿಕೆ ಜಗಿಯುತ್ತ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಚರ್ಚಿಗೆ ಹೋಗಲ್ವಂತೆ."

"ಇಲ್ಲ ಓಪ್ಪುಂಗ್." ಅಜ್ಜಿ ತಾತ ಎಲ್ಲರಿಗೂ ಅಲ್ಲಿ ಅದೇ ಕರೆ. "ಮನಸ್ಸಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕ್ಷಮಿಸಿಬಿಟ್ಟಿದೀನಿ."

"ಕ್ಷಮಿಸಿದ ಮುಖಾನಾ ಇದು? ಹುಳಿ ಮಾವಿನಕಾಯಿ ಕಚ್ಚಿದ ಹಾಗಿದೆ." ಮುದುಕಿ ಉಗಿದಳು. "ನೋಡು, ಬರೀ ಅವರ ಮೇಲೆ ಸಿಟ್ಟಿದ್ದಿದ್ರೆ ಅವರ ಮನೆಗೆ ಹೋಗೋದು ಮಾತ್ರ ಬಿಡ್ತಿದ್ದೆ. ನೀನು ಪ್ರಾರ್ಥನೇನೂ ಬಿಟ್ಟಿದೀಯ. ಅಂದ್ರೆ ಸಿಟ್ಟಿರೋದು ಮೇಲಿರೋನ ಮೇಲೆ."

ತಿಯಾರ್ಮಾ ಗೂಡಿನಲ್ಲಿದ್ದ ಬಾಚಣಿಗೆ ಎತ್ತಿಕೊಂಡಳು.

"ಇದ್ರೆ ಹೋಗಿ ಅವನ ಹತ್ರ ಬೈ. ನಂಟರ ಮೇಲೆ ಸಿಟ್ಟು ಬಂದ್ರೆ ಮನೆ ಮುಂದೆ ನಿಂತು ಬೈತೀವಲ್ಲ, ಹಂಗೆ. ಮಾತು ಬಿಟ್ರೆ ಸಂಬಂಧ ಹೋಯ್ತು. ಬೈದ್ರೆ ಏನೂ ಹೋಗಲ್ಲ. ಈಗ ನನ್ನ ತಲೆ ಬಾಚು, ಹೇನು ಬಿದ್ದಿವೆ."

ತಲೆ ಬಾಚಿ ಮುಗಿಸಿ ತಿಯಾರ್ಮಾ ನೇರ ಮನೆಗೆ ಹೋಗಲಿಲ್ಲ. ದಂಡೆಗುಂಟ ನಡೆದು, ಬಟ್ಟೆ ಒಗೆಯುವ ಬಂಡೆಗಳನ್ನು ದಾಟಿ, ಯಾರೂ ಬರದ ಕಡೆ ನೀರಿನಲ್ಲಿ ಮೊಳಕಾಲುದ್ದ ನಿಂತಳು. ಮೊದಲು ಮುಖಕ್ಕೆ ನೀರು ಎರಚಿಕೊಂಡಳು. ಆಮೇಲೆ ದೇವರನ್ನು ಬೈಯತೊಡಗಿದಳು. ನಮ್ಮವ್ವ ಏನು ಮಾಡಿದ್ದಳು ನಿನಗೆ ಎಂದಳು. ಚರ್ಚು ಕಟ್ಟುವಾಗ ಅವಳು ಹೊತ್ತ ಕಲ್ಲುಗಳು ನಿನ್ನ ಗೋಡೆಯಲ್ಲಿವೆ, ಅವಳಿಗೆ ಒಂದು ಪ್ರಾರ್ಥನೆ ಗತಿಯಿಲ್ಲದ ಹಾಗೆ ಮಾಡಿದೆಯಲ್ಲ ಎಂದಳು. ನಿನ್ನ ಪುಸ್ತಕ ಎತ್ತಲು ಹೋಗಿ ನನ್ನ ಕೈ ಹೋಯಿತು, ನೀನು ನೋಡುತ್ತ ನಿಂತೆ ಎಂದಳು. ಬಾಯಿಗೆ ಬಂದದ್ದನ್ನೆಲ್ಲ ಅಂದು, ಸಾಕಾಗಿ, ದಂಡೆಯ ಕಲ್ಲಿನ ಮೇಲೆ ಕೂತು ಅತ್ತಳು. ಆಕಾಶದಿಂದ ಉತ್ತರವೇನೂ ಬರಲಿಲ್ಲ. ಆದರೆ ಇಷ್ಟು ದಿನ ಮುಚ್ಚಿದ್ದ ಬಾಗಿಲೊಂದನ್ನು ತಾನೇ ಒದ್ದು ತೆರೆದೆ ಎಂದು ಅವಳಿಗೆ ಅನ್ನಿಸಿತು. ಆವತ್ತು ಊಟಕ್ಕೆ ಮುಂಚೆ ಅವಳೇ ಪ್ರಾರ್ಥನೆ ಮಾಡಿದಳು. ಬಿನ್ಸಾರ್ ಕಣ್ಣು ತೆರೆದುಕೊಂಡೇ ಕೇಳಿದ.

ಗುರುವಾರ ಬಂತು. ರೊತುವಾಳಿಗೆ ಜ್ವರ ಎಂದು ಕೇಳಿದ್ದಳು. ಬೇಯಿಸಿದ ಗೆಣಸು ಎಲೆಯಲ್ಲಿ ಕಟ್ಟಿಕೊಂಡು ಗುಡ್ಡ ಹತ್ತಿದಳು. ದಾರಿಯಲ್ಲಿ ಒಬ್ಬಳು, "ಅಣ್ಣಂಗೆ ಸುದ್ದಿ ಒಯ್ಯೋಕೆ ಬಂದ್ಯಾ?" ಎಂದಳು.

"ಹೌದು. ನಿಮ್ಮನೆ ಹಂದಿ ಎಷ್ಟು ದಪ್ಪ ಆಗಿದೆ ಅಂತ ಕೇಳಿದ್ದ," ಎಂದು ತಿಯಾರ್ಮಾ ಮುಂದೆ ನಡೆದಳು.

ರೊತುವಾ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಿಯಾರ್ಮಾ ಪಕ್ಕದಲ್ಲಿ ಕೂತು ಹಣೆ ಮುಟ್ಟಿದಳು.

"ಯಾಕೆ ಬಂದೆ ಎದಾ?"

"ಗುರುವಾರ ಅಲ್ವಾ."

ರೊತುವಾ ಹೊದಿಕೆ ಎಳೆದುಕೊಂಡಳು. ಆಮೇಲೆ ಗೋಡೆಗೇ ಹೇಳಿದಳು, "ಆವತ್ತು ತಳ್ಳಿದ್ದು ನಾನೇ."

"ಗೊತ್ತು."

"ನೀನು ಪುಸ್ತಕ ಎತ್ತಿ ನಿಮ್ಮಣ್ಣನ ಕೈಗೆ ಕೊಡ್ತೀಯ ಅನ್ಕೊಂಡೆ. ಬೀಳ್ತೀಯ ಅಂತ..." ಅವಳು ಈಚೆ ತಿರುಗಿದಳು. "ಗೊತ್ತಿದ್ದೂ ಬಂದ್ಯಾ?"

"ತಕ್ಷಣ ಎಲ್ಲಿ ಬಂದೆ? ಬರೋಕೆ ಇಷ್ಟು ಕಾಲ ಬೇಕಾಯ್ತು," ಎಂದಳು ತಿಯಾರ್ಮಾ. "ಗೆಣಸು ತಣ್ಣಗಾಗತ್ತೆ, ಏಳು."

ಜ್ವರ ಬಿಟ್ಟ ಮೇಲೆ ರೊತುವಾ ತಾನೇ ತಿಯಾರ್ಮಾಳ ಮನೆಗೆ ಬಂದಳು. ಕೈ ನೋಯುತ್ತದೆಂದು ಅರ್ಧಕ್ಕೆ ಬಿಟ್ಟಿದ್ದ ಬಟ್ಟೆಯನ್ನು ಮಗ್ಗದ ಮೇಲೆ ನೋಡಿ, ಕೇಳದೆಯೇ ಅದರ ಮುಂದೆ ಕೂತಳು. ಅವಳ ನೇಯ್ಗೆ ಅಷ್ಟಕ್ಕಷ್ಟೇ. "ಅಂಚು ಕುಡುಕನ ನಡಿಗೆ ಹಾಗಿದೆ," ಎಂದಳು ತಿಯಾರ್ಮಾ. "ಹೇಳಿಕೊಡು ಮತ್ತೆ," ಎಂದಳು ರೊತುವಾ. ನೇಯುತ್ತ ಇಬ್ಬರೂ ಹಾಡಿಕೊಂಡರು. ದಂಡೆಯ ಕೇರಿಯ ಒಬ್ಬಳು ನೀರಿಗೆ ಹೋಗುವಾಗ ಕೇಳಿಸಿಕೊಂಡು ಮೆಟ್ಟಿಲ ಮೇಲೆ ಕೂತಳು. ಮುಂದಿನ ವಾರ ಅವಳು ಇನ್ನಿಬ್ಬರನ್ನು ಕರೆತಂದಳು. ಯಾರೂ ಅದಕ್ಕೆ ಹೆಸರಿಡಲಿಲ್ಲ. ಅದು ಸಭೆಯೂ ಅಲ್ಲ, ಮೇಳವೂ ಅಲ್ಲ. ಗುರುವಾರ ಸಂಜೆ ತಿಯಾರ್ಮಾಳ ಮನೆಯಲ್ಲಿ ಈರುಳ್ಳಿ ಸಿಪ್ಪೆ ಸುಲಿಯುತ್ತ ಹೆಂಗಸರು ಹಾಡುತ್ತಿದ್ದರು, ಅಷ್ಟೇ. ಪಾದ್ರಿಗಳ ಸುದ್ದಿ ಎತ್ತಿದವಳಿಗೆ ಪಾತ್ರೆ ತೊಳೆಯುವ ಶಿಕ್ಷೆ. ಮೊದಮೊದಲು ಪಾತ್ರೆಗಳು ಚೆನ್ನಾಗಿಯೇ ತೊಳೆಯಲ್ಪಟ್ಟವು.

ಸುದ್ದಿ ಹಬ್ಬಿತು. ತಗಡಿನ ಚರ್ಚಿನಲ್ಲಿ ಮಂಗಿಹುತ್ ಎದ್ದು, ಶತ್ರುವಿನ ಒಲೆಯ ಮುಂದೆ ಮೈ ಕಾಯಿಸಿಕೊಳ್ಳುವವರು ನಮಗೆ ಬೇಡ ಎಂದ. ಕಲ್ಲಿನ ಚರ್ಚಿನಲ್ಲಿ ತಂಪುಬೊಲೊನ್ ಪಾದ್ರಿ ಪ್ರಕಟಣೆ ಓದಿದರು: ಆ ಮನೆಗೆ ಹೋಗಿ ಹಾಡುವವರಿಗೆ ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲ.

ತಿಯಾರ್ಮಾ ಮರುದಿನ ಮೀನು ಬೇಯಿಸಿದಳು. ಹಳದಿ ಮಸಾಲೆ ಅರೆದು, ನಾಲಿಗೆ ಚುರುಗುಟ್ಟಿಸುವ ಕಾಡುಮೆಣಸು ಹಾಕಿ, ನೀರೆಲ್ಲ ಇಂಗುವ ತನಕ ಸಣ್ಣ ಉರಿಯಲ್ಲಿಟ್ಟು, ಮಡಕೆ ಸಮೇತ ಪಾದ್ರಿಯ ಮನೆಗೆ ಹೊತ್ತಳು. ಪಾದ್ರಿಯ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಅವರು ಅಡುಗೆಮನೆಯಲ್ಲಿ ಸೀದ ಅನ್ನವನ್ನು ಕೆರೆಯುತ್ತ ನಿಂತಿದ್ದರು. ಅವಳನ್ನು ಕಂಡು ಮುಖ ಬಿಳಿಚಿತು.

"ಮೊದ್ಲು ಊಟ ಮಾಡಿ ಅಮಾಂಗ್. ಆಮೇಲೆ ಜಗಳ ಆಡೋಣ."

ಅವರು ಊಟ ಮಾಡಿದರು. ಹಸಿದವರಂತೆ ಮಾಡಿದರು. ಊರಿಗೆ ಬಂದ ಮೇಲೆ ಊಟಕ್ಕೆ ಕರೆದವರು ಬಹಳ ಇದ್ದರು. ಪ್ರತಿ ಊಟದಲ್ಲೂ ಅನ್ನದ ಜೊತೆ ಯಾರ ಮೇಲಾದರೂ ದೂರು ಬಡಿಸುತ್ತಿದ್ದರು, ಹಾಗಾಗಿ ಹೋಗುವುದನ್ನೇ ಬಿಟ್ಟಿದ್ದೇನೆ ಎಂದರು.

"ನಿಮ್ಮ ಪ್ರಕಟಣೆ ಕೇಳಿದೆ," ಎಂದಳು ತಿಯಾರ್ಮಾ.

"ಹಿರಿಯರ ತೀರ್ಮಾನ ಇನಾಂಗ್. ನಾನು ಓದ್ಲೇಬೇಕಿತ್ತು." ಅವರು ಅವಳನ್ನು ಇನಾಂಗ್, ಅಂದರೆ ಅಮ್ಮಾ ಎಂದೇ ಕರೆದಿದ್ದರು.

"ನನಗೆ ಕೊಡ್ಬೇಡಿ, ತೊಂದ್ರೆ ಇಲ್ಲ. ದೆಲಿಮಾ ಓಪ್ಪುಂಗ್‌ಗೆ ಕೊಡಿ. ಗುರುವಾರ ಆಕೆನ ನಾವೇ ನಮ್ಮನೆಗೆ ಹೊತ್ಕೊಂಡು ಬಂದು ಹಾಡಿಸಿದ್ದು, ತಪ್ಪು ನಮ್ಮದು. ಆಕೆ ಮುಂದಿನ ಕ್ರಿಸ್‌ಮಸ್ ನೋಡಲ್ಲ. ನಮ್ಮವ್ವ ಹಾಗೇ ಹೋದ್ಲು. ಇನ್ನೊಬ್ಬ ಮುದುಕಿನ ಹಾಗೆ ಕಳಿಸ್ಬೇಡಿ. ನಾಳೆ ನೀವೂ ವಯಸ್ಸಾಗಿ ಮಲಗಿದಾಗ ಅದು ನೆನಪಾಗುತ್ತೆ, ಪಾಪ."

ಪಾದ್ರಿ ಕೈ ತೊಳೆಯುವುದನ್ನೂ ಮರೆತು ಕೂತಿದ್ದರು. "ಆವತ್ತು ಅಂಗಳದಲ್ಲಿ ನೀವಿಬ್ರೇ ಹಾಡಿದ್ರಲ್ಲ," ಎಂದರು. "ನನಗೂ ಆ ಹಾಡು ಬರ್ತಿತ್ತು ಇನಾಂಗ್. ನಾನೂ ಹಾಡ್ಲಿಲ್ಲ."

"ಗೊತ್ತು," ಎಂದಳು ಅವಳು. "ಮಡಕೆ ಆಮೇಲೆ ಕಳಿಸಿ."

ಪ್ರಕಟಣೆಯನ್ನು ಪಾದ್ರಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮತ್ತೆ ಓದಲೂ ಇಲ್ಲ. ಗುರುವಾರ ಯಾರಿಗೂ ಹೇಳದೆ ರೊಟ್ಟಿ ಮತ್ತು ದ್ರಾಕ್ಷಾರಸ ಹಿಡಿದು ದೆಲಿಮಾಳ ಮನೆಗೆ ಹೋದರು. ಮುದುಕಿ ಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಕೂಸಿನಂತೆ ಬಾಯಿ ತೆರೆದಳು. ಕ್ರಿಸ್‌ಮಸ್ ಹತ್ತಿರ ಬರುವ ಮೊದಲೇ ತೀರಿಕೊಂಡಳು.

ಸಿಲಾಲಾಹಿ ಪಾದ್ರಿಯ ಕಥೆ ಬೇರೆಯೇ ಆಯಿತು. ಕೇಂದ್ರದಲ್ಲಿ ಗಾಳಿ ತಿರುಗಿತು. ಮಕ್ಕಳಿದ್ದ ದೊಡ್ಡ ಪಟ್ಟಣದಲ್ಲಿ ಅವರಿಗೆ ಒಳ್ಳೆಯ ಸಭೆಯೊಂದು ಸಿಕ್ಕಿತು. ಒಪ್ಪಿಕೊಂಡು ಹೊರಟುಹೋದರು. ಅವರಿಗಾಗಿ ಊರನ್ನೇ ಎದುರು ಹಾಕಿಕೊಂಡ ಮಂಗಿಹುತ್ ದೋಣಿಕಟ್ಟೆಯಲ್ಲಿ ನಿಂತು ಕೈ ಬೀಸಿದ. ಆಮೇಲೆ ತಗಡಿನ ಚರ್ಚಿನಲ್ಲಿ ಪೀಠಕ್ಕೆ ಅವನೇ ನಿಂತು ವಾಕ್ಯ ಓದತೊಡಗಿದ. ತಂಗಿಯ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಎದುರಾದರೆ ದಾರಿ ಬದಲಿಸುತ್ತಿದ್ದ.

ಒಂದು ಮದುವೆಯ ಮಾತುಕತೆಯಲ್ಲಿ ಕುಲದ ಪರವಾಗಿ ನಿಂತು ಗಾದೆ ಹೇಳುತ್ತಿದ್ದವನ ನಾಲಿಗೆ ಅಲ್ಲೇ ತೊಡರಿತು. ಬಾಯಿ ಒಂದು ಬದಿಗೆ ಎಳೆಯಿತು, ಬಲಗಡೆ ಮೈ ಬಿತ್ತು. ಆಸ್ಪತ್ರೆಯಿಂದ ತಂದಾಗ ಜೀವವಿತ್ತು, ಮಾತಿರಲಿಲ್ಲ. ಹೇಳಬೇಕೆಂದು ಒದ್ದಾಡುತ್ತಿದ್ದ, ಬಾಯಿಂದ ಬರೀ ಗೊರಗೊರ ಸದ್ದು ಬರುತ್ತಿತ್ತು.

"ಪೆಟ್ಟು ಎಲ್ಲಿಗೆ ಕೊಡ್ಬೇಕು ಅಂತ ದೇವರಿಗೆ ಗೊತ್ತು," ಎಂದಳು ಈರುಳ್ಳಿ ಸುಲಿಯುತ್ತಿದ್ದವರಲ್ಲಿ ಒಬ್ಬಳು. "ಯಾವ ನಾಲಿಗೆ ಊರು ಒಡೀತೋ ಅದನ್ನೇ ತಗೊಂಡ."

ತಿಯಾರ್ಮಾ ಚಾಕು ಕೆಳಗಿಟ್ಟಳು. "ಅದಕ್ಕೆ ಶಿಕ್ಷೆ ಅಂತ ಇದ್ದಿದ್ರೆ ಈ ಊರಲ್ಲಿ ಒಂದು ನಾಲಿಗೆನೂ ಉಳೀತಿರ್ಲಿಲ್ಲ. ನಿಂದೂ ಸೇರಿಸಿ. ಏಳು, ಪಾತ್ರೆ ತೊಳಿ."

ಅವಳು ಅಣ್ಣನ ಮನೆಗೆ ಹೋದಳು. ಅತ್ತಿಗೆ ತಡೆಯಲಿಲ್ಲ. ಮಂಗಿಹುತ್ ಅವಳನ್ನು ಕಂಡು ಮುಖ ತಿರುಗಿಸಿದ. ತಿಯಾರ್ಮಾ ತಲೆ ಬಾಚಿ, ಚಿಕ್ಕಂದಿನಲ್ಲಿ ಅವನೇ ಕಲಿಸಿದ್ದ ಹಾಡೊಂದನ್ನು ಹೇಳಿ ಬಂದಳು. ಮರುದಿನ ಹೋದಳು, ಅದರ ಮರುದಿನವೂ ಹೋದಳು. ಹಾಗೇ ಹಾಡುತ್ತಿದ್ದಾಗ ಒಂದು ಸಂಜೆ, ಚರಣದ ನಡುವೆ, ಅವಳ ದನಿಯ ಕೆಳಗೆ ಇನ್ನೊಂದು ದನಿ ಕೇಳಿಸಿತು. ಅವಳು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಅದೂ ನಿಂತೀತೆಂಬ ಭಯ. ಮಂಗಿಹುತ್ ಹಾಡುತ್ತಿದ್ದ. ಗೊರಗೊರ ಅಲ್ಲ, ಮಾತುಗಳು. ಒಂದೊಂದು ಪದವೂ ಸ್ಪಷ್ಟವಾಗಿತ್ತು. ಅತ್ತಿಗೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಹಾಡು ಮುಗಿಯಿತು. ಅವನು ಏನೋ ಹೇಳಲು ಬಾಯಿ ತೆರೆದ, ಮತ್ತೆ ಬರೀ ಸದ್ದು ಬಂತು. ಕಣ್ಣಲ್ಲಿ ನೀರು ಇಳಿಯಿತು. ಆಡಲಾಗದ ಮಾತು ಅವನಿಗೆ ಹಾಡಿನ ಜೊತೆ ಬರುತ್ತಿತ್ತು. ಹಾಗಾಗುವುದುಂಟು ಎಂದು ಆಮೇಲೆ ದಾದಿ ಹೇಳಿದಳು.

"ಇನ್ನೊಂದು ಹೇಳೋಣ," ಎಂದಳು ತಿಯಾರ್ಮಾ.

ಕ್ಷಮಿಸು ಎಂದು ಅವನು ಕೊನೆಗೂ ಹೇಳಲಿಲ್ಲ. ಹೇಳುವ ಮನಸ್ಸಿತ್ತೋ ಇಲ್ಲವೋ ಯಾರಿಗೂ ತಿಳಿಯುವಂತಿರಲಿಲ್ಲ. ತಿಯಾರ್ಮಾ ಮಾತ್ರ ಅದರ ಬಗ್ಗೆ ಯೋಚಿಸುವುದನ್ನು ಬಿಟ್ಟಳು. ಬದುಕಿರುವ ತನಕ ಇಬ್ಬರೂ ಸಂಜೆ ಹಾಡಿದರು. ಅವನು ಸತ್ತಾಗ ಎರಡೂ ಕೇರಿಯ ಹೆಂಗಸರು ಅಂಗಳದಲ್ಲಿ ಒಟ್ಟಿಗೆ ನಿಂತರು. ತಂಪುಬೊಲೊನ್ ಪಾದ್ರಿ ಪ್ರಾರ್ಥನೆ ಮಾಡಿದರು. ಕಲ್ಲಿನ ಚರ್ಚಿನ ಹಿರಿಯರಲ್ಲಿ ಕೆಲವರು ಬರಲಿಲ್ಲ.

ಕೇಂದ್ರದವರು ಮುಂದೆ ರಾಜಿ ಮಾಡಿಕೊಂಡರು. ಫೋಟೋ ತೆಗೆಸಿಕೊಂಡರು, ಕೈ ಕುಲುಕಿದರು. ಲುಂಬಾನ್ ಹರಿಯಾರಾದಲ್ಲಿ ಮಾತ್ರ ಚರ್ಚುಗಳು ಎರಡೇ ಉಳಿದವು. ತಗಡು ತೆಗೆದು ಹೆಂಚು ಹಾಕಿದ್ದಾರೆ, ಅಷ್ಟೇ ವ್ಯತ್ಯಾಸ. ತಿಯಾರ್ಮಾ ಬೆಳಿಗ್ಗೆ ಗುಡ್ಡಕ್ಕೆ ಹೋದರೆ ಸಂಜೆ ಸಂತೆ ಮೈದಾನಕ್ಕೆ ಹೋಗುತ್ತಾಳೆ. ಅದನ್ನು ಕಂಡು ನಗುವವರು ಇನ್ನೂ ಇದ್ದಾರೆ.

ತಂಪುಬೊಲೊನ್ ಪಾದ್ರಿಯ ಹೆಂಡತಿ ಒಮ್ಮೆ ಕೇಳಿದಳು, "ಇಷ್ಟೆಲ್ಲ ಆದ್ಮೇಲೂ ನೀವು ಯಾಕೆ ಬಿಟ್ಟು ಹೋಗ್ಲಿಲ್ಲ ಇನಾಂಗ್? ಪಟ್ಟಣದವರು ಕರೆದಿದ್ರಂತಲ್ಲ."

ತಿಯಾರ್ಮಾ ಯೋಚಿಸಿದಳು. "ಅಲ್ಲಿಗೆ ಹೋದ್ರೆ ಅವರ ಜಗಳ ನನಗೆ ಅರ್ಥ ಆಗೋಕೆ ಹತ್ತು ವರ್ಷ ಬೇಕಿತ್ತು," ಎಂದಳು. ಇಬ್ಬರೂ ನಕ್ಕರು. ಆಮೇಲೆ ಅವಳು ಮೆಲ್ಲಗೆ ಹೇಳಿದಳು, "ಬಿಟ್ಟೇ ಹೋಗಿದ್ದೆ ಕಣಮ್ಮಾ ಸ್ವಲ್ಪ ಕಾಲ. ನಾನು ಹೋದ ಕಡೆ ದೇವರು ಇರ್ಲಿಲ್ಲ ಅಂತಲ್ಲ. ಇದ್ದ. ಆದ್ರೆ ಅಲ್ಲಿ ನಾವಿಬ್ರೇ ಇದ್ವಿ. ನನಗೆ ರೊತುವಾನೂ ಬೇಕಿತ್ತು."

ಕಳೆದ ವರ್ಷ ಕಲ್ಲಿನ ಚರ್ಚಿನ ಹಿರಿಯರು ಬಂದು, ತಪ್ಪಾಗಿತ್ತು, ಮತ್ತೆ ನಮ್ಮ ಸಾಲಿಗೆ ಬನ್ನಿ ಎಂದರು. ಮಾರನೆಯ ವಾರ ಸಂತೆ ಮೈದಾನದವರೂ ಬಂದು ಅದನ್ನೇ ಹೇಳಿದರು. ಇಬ್ಬರಿಗೂ ಅವಳು ಚೆನ್ನಾಗಿ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುತ್ತಾಳೆ ಎಂದು ಊರು ಕಾದಿತ್ತು. ಅವಳು ಎರಡಕ್ಕೂ ಹೂಂ ಎಂದಳು.

"ಅವಮಾನ ಅನ್ಸಲ್ವಾ?" ಎಂದಳು ರೊತುವಾ.

"ಅನ್ಸತ್ತೆ," ಎಂದಳು ತಿಯಾರ್ಮಾ. "ಆದ್ರೆ ಹಿರಿಯಳಾದ್ರೆ ಸತ್ತವರ ಪೆಟ್ಟಿಗೆ ಪಕ್ಕ ನಿಂತು ಪ್ರಾರ್ಥನೆ ಮಾಡೋಕೆ ಯಾರನ್ನೂ ಕೇಳ್ಬೇಕಾಗಿಲ್ಲ."

ವಯಸ್ಸಾಗಿ ಗಾತ್ರ ಇಳಿದ ಅವಳ ಮೈಗೆ ಹಳೆಯ ಕಪ್ಪು ನಿಲುವಂಗಿ ದೊಗಳೆಯಾಗುತ್ತಿತ್ತು. ಬಿನ್ಸಾರ್ ಅದನ್ನು ಸಂತೆಯ ದರ್ಜಿಯ ಹತ್ತಿರ ಒಯ್ದು ಬಿಗಿ ಮಾಡಿಸಿಕೊಂಡು ಬಂದ.